ಶುಲ್ಕದ ರಸೀದಿ, ಮುಂಗಡದ ಚೀಟಿ

1

ದಲಿತ ಸಾಹಿತ್ಯದ ಬಗ್ಗೆ ಕನ್ನಡದಲ್ಲಿ ನಡೆದಿರುವ ವಿಮರ್ಶೆಯನ್ನು ಒಟ್ಟಾಗಿ ನೋಡಿದರೆ ಒಂದು ಪದ ಮತ್ತೆ ಮತ್ತೆ ಎದುರಾಗುತ್ತದೆ: ಅನುಭವ. ಹಸಿವಿನ ಅನುಭವ, ಅವಮಾನದ ಅನುಭವ, ಕೇರಿಯ ಅನುಭವ. ಈ ಮಾತು ಸುಳ್ಳಲ್ಲ. ಆದರೆ ಆ ಅನುಭವ ಕಾಗದದ ಮೇಲೆ ಇಳಿಯೋದಕ್ಕೆ ಮೊದಲು ಅಕ್ಷರ ಬೇಕಾಗಿತ್ತು. ಅಕ್ಷರ ಹತ್ತೋದಕ್ಕೆ ಮೊದಲು ಎರಡು ಹೊತ್ತು ಅನ್ನ ಬೇಕಾಗಿತ್ತು, ಮಲಗೋಕೆ ಒಂದು ಚಾಪೆಯಷ್ಟು ಜಾಗ ಬೇಕಾಗಿತ್ತು, ಪರೀಕ್ಷೆಯ ಫೀಜು ಯಾರಾದರೂ ಕಟ್ಟಬೇಕಾಗಿತ್ತು. ಇದನ್ನೆಲ್ಲ ಯಾರು ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಬಹುಪಾಲು ಅರ್ಥಶಾಸ್ತ್ರದವರಿಗೆ ಬಿಟ್ಟುಕೊಟ್ಟಿದೆ. ಸಾರ್ವಜನಿಕ ವಿಶ್ವವಿದ್ಯಾಲಯಗಳ ಖರ್ಚು ಏರುತ್ತಿರುವ ಈ ಹೊತ್ತಿನಲ್ಲಿ ಆ ಪ್ರಶ್ನೆಯನ್ನು ನಾವೇ ಕೈಗೆತ್ತಿಕೊಳ್ಳಬೇಕು ಎಂಬುದು ಈ ಬರಹದ ಉದ್ದೇಶ. ಶುಲ್ಕಕ್ಕೂ ಒಂದು ಚರಿತ್ರೆ ಇದೆ. ಅದು ನಮ್ಮ ಚರಿತ್ರೆಯೂ ಹೌದು.

ನಾನು ಮಗ್ಗೆಯ ಕಡೆಯವನು. ಆಲೂರು ತಾಲೂಕಿನ ಈ ಭಾಗ ಸಕಲೇಶಪುರದ ಬೆಟ್ಟಸೀಮೆಗೆ ತಾಗಿಕೊಂಡಿದೆ. ಹಳೆಯ ಕಾಗದಪತ್ರಗಳಲ್ಲಿ ಬರುವ ಮಂಜ್ರಾಬಾದ್ ಸೀಮೆಯ ನೆರೆ. ಕಾಫಿ, ಮೆಣಸು, ಮಳೆ. ಈ ಮೂರರ ಲೆಕ್ಕದಲ್ಲೇ ಇಲ್ಲಿಯ ವರ್ಷ ಕಳೆಯುತ್ತದೆ. ಈಗ ಒಂದು ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಇಲ್ಲಿ ಬರೆಯುತ್ತಿರುವ ಕೆಲವು ಸಂಗತಿಗಳು ಪುಸ್ತಕದಿಂದ ಬಂದವು, ಕೆಲವು ತೋಟದ ಲೈನ್ ಮನೆಗಳಿಂದ ಬಂದವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದೇನೆ.

2

ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ಮಲೆನಾಡಿನ ಹೊಲೆಯರ ಬಗ್ಗೆ ಎರಡು ಪದಗಳಿವೆ: ಹುಟ್ಟಾಳು ಮತ್ತು ಮಣ್ಣಾಳು. ಹುಟ್ಟಾಳು ಎಂದರೆ ಯಜಮಾನನ ಮನೆಯಲ್ಲೇ ಹುಟ್ಟಿ ಆ ಮನೆತನಕ್ಕೇ ಸೇರಿದ ಜೀತದಾಳು. ಮಣ್ಣಾಳು ಎಂದರೆ ಭೂಮಿಯ ಜೊತೆ ಸೇರಿದವನು. ಜಮೀನು ಮಾರಿದರೆ ಅವನೂ ಮಾರಾಟವಾಗುತ್ತಿದ್ದ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಯೂರೋಪಿನ ಪ್ಲಾಂಟರುಗಳು ಮಂಜ್ರಾಬಾದಿಗೆ ಬಂದು ಕಾಡು ಕಡಿದು ಕಾಫಿ ಹಾಕುವ ಹೊತ್ತಿಗೆ ಈ ನೆಲದ ಆಳುಗಳ ಸ್ಥಿತಿ ಇದು. ಅವರಲ್ಲಿ ಒಬ್ಬನಾದ ರಾಬರ್ಟ್ ಎಲಿಯಟ್ 1850ರ ದಶಕದಲ್ಲೇ ಇಲ್ಲಿ ತೋಟ ಮಾಡಿ, ಆಮೇಲೆ ಮೈಸೂರಿನ ಚಿನ್ನ, ಬೇಟೆ, ಕಾಫಿಯ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಆ ಕಾಫಿಯನ್ನು ಕೊಯ್ದವರಲ್ಲಿ ಯಾರೂ ಪುಸ್ತಕ ಬರೆಯಲಿಲ್ಲ.

ಮೈಸೂರು ಸರ್ಕಾರ ಕಾಫಿಯ ಮೇಲೆ ಹಾಲತ್ ಎಂಬ ಸುಂಕ ಎತ್ತುತ್ತಿತ್ತು. ಬೊಕ್ಕಸಕ್ಕೆ ಹೋದ ಆ ದುಡ್ಡಿನಲ್ಲಿ ಹಣ್ಣು ಕುಯ್ದ ಕೈಯ ಬೆವರೂ ಇತ್ತು. ಆದರೆ ಬೊಕ್ಕಸದಿಂದ ಶಾಲೆಗೆ ಹರಿದ ದುಡ್ಡು ಆ ಕೈಯ ಮಕ್ಕಳನ್ನು ತಲುಪಲಿಲ್ಲ. 1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿರಾವ್ ಫುಲೆಯವರು ಎತ್ತಿದ ತಕರಾರು ಇದೇ. ಸರ್ಕಾರದ ಆದಾಯದ ಹೆಚ್ಚಿನ ಪಾಲು ದುಡಿಯುವ ರೈತಾಪಿ ಜನರಿಂದ ಬರುತ್ತದೆ, ಅದರ ಖರ್ಚು ಮಾತ್ರ ಮೇಲುವರ್ಗದವರ ಉನ್ನತ ಶಿಕ್ಷಣಕ್ಕೆ ಆಗುತ್ತದೆ ಎಂದು ಅವರು ವಾದಿಸಿದರು. ಇವತ್ತು 'ಬಡವರ ಮಕ್ಕಳನ್ನು ತೆರಿಗೆದಾರರ ದುಡ್ಡಿನಲ್ಲಿ ಯಾಕೆ ಓದಿಸಬೇಕು' ಎಂದು ಕೇಳುವವರು ಫುಲೆಯವರ ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದಾರೆ. ತಲೆಮಾರುಗಳಿಂದ ಯಾರು ಯಾರನ್ನು ಓದಿಸಿದರು ಅನ್ನೋದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ.

3

ಕನ್ನಡ ನಾಡಿನಲ್ಲಿ ಈ ಜಗಳ ಬಾಗಿಲಿನಿಂದ ಶುರುವಾಯಿತು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಅವನ ಕಡೆ ನ್ಯಾಯವಿದೆ ಎಂದು ಮುಂಬಯಿ ಸರ್ಕಾರ ಒಪ್ಪಿಕೊಂಡಿತು. ಆದರೆ ಅವನೊಬ್ಬನಿಗಾಗಿ ಉಳಿದವರಿಗೆಲ್ಲ ಶಾಲೆ ಬೇಡವಾದೀತೆಂದು ಹೆದರಿ ಅವನನ್ನೇ ಹೊರಗಿಟ್ಟಿತು. ವಿಷಯ ಲಂಡನ್ನಿನ ತನಕ ಹೋಗಿ, ಸರ್ಕಾರದ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂದು 1858ರಲ್ಲಿ ತೀರ್ಮಾನವಾಯಿತು. ಅಂಬೇಡ್ಕರ್ ಅವರು ಮುಂದೆ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಹುಡುಗನನ್ನು ನೆನೆಯುತ್ತಾರೆ. ಅವನ ಹೆಸರು ನಮ್ಮ ಶಿಕ್ಷಣ ಚರಿತ್ರೆಯ ಪಠ್ಯಗಳಲ್ಲಿ ಇಲ್ಲ.

ಬಾಗಿಲು ಕಾಗದದ ಮೇಲೆ ತೆರೆಯಿತು. ಬಾಗಿಲು ತೆರೆದ ಮೇಲೆ ಬೀಗದ ಕೆಲಸವನ್ನು ಶುಲ್ಕ ಮಾಡತೊಡಗಿತು. ಇದನ್ನು ಅಂಬೇಡ್ಕರ್ ಅವರಷ್ಟು ಖಚಿತವಾಗಿ ಹೇಳಿದವರು ಕಡಿಮೆ. 1927ರ ಮಾರ್ಚ್ 12ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಅವರು ಲೆಕ್ಕ ಬಿಚ್ಚಿಟ್ಟರು: ಕಲಾ ಕಾಲೇಜುಗಳ ಖರ್ಚಿನಲ್ಲಿ ಶೇ. 36ರಷ್ಟು, ಹೈಸ್ಕೂಲುಗಳ ಖರ್ಚಿನಲ್ಲಿ ಶೇ. 31ರಷ್ಟು, ಮಾಧ್ಯಮಿಕ ಶಾಲೆಗಳ ಖರ್ಚಿನಲ್ಲಿ ಶೇ. 26ರಷ್ಟು ವಿದ್ಯಾರ್ಥಿಗಳ ಶುಲ್ಕದಿಂದಲೇ ಬರುತ್ತಿದೆ. ಇದು ಶಿಕ್ಷಣದ ವ್ಯಾಪಾರೀಕರಣ. ಕೆಳಗಿನ ವರ್ಗಗಳು ಈಗಷ್ಟೇ ಶಾಲೆಯ ಹೊಸ್ತಿಲಿಗೆ ಬರುತ್ತಿರುವಾಗ ಶಿಕ್ಷಣವನ್ನು ಆದಷ್ಟು ಅಗ್ಗ ಮಾಡಬೇಕು ಎಂಬುದು ಅವರ ವಾದದ ತಿರುಳು. ವ್ಯಾಪಾರೀಕರಣ ಎಂಬ ಮಾತನ್ನು ನಾವು ಜಾಗತೀಕರಣದ ಜೊತೆ ಹುಟ್ಟಿದ್ದು ಅಂದುಕೊಂಡಿದ್ದೇವೆ. ಅದು ಅದಕ್ಕೂ ಅರವತ್ತು ವರ್ಷ ಮೊದಲೇ ಒಬ್ಬ ದಲಿತ ಶಾಸಕನ ಬಾಯಲ್ಲಿ ಬಂದಿತ್ತು.

ಆ ಮಾತಿನ ಹಿಂದೆ ಅವರದೇ ಬದುಕಿನ ಲೆಕ್ಕವೂ ಇತ್ತು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುವಾಗ ಬರೋಡಾದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ಕೊಟ್ಟರು. 1913ರಲ್ಲಿ ಕೊಲಂಬಿಯಾಕ್ಕೆ ಹೋಗುವಾಗ ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷದ ಮಟ್ಟಿಗೆ. ಅದಕ್ಕೆ ಷರತ್ತು: ಓದು ಮುಗಿದ ಮೇಲೆ ಬರೋಡಾ ಸಂಸ್ಥಾನದಲ್ಲಿ ಹತ್ತು ವರ್ಷ ಕೆಲಸ ಮಾಡಬೇಕು. 1917ರಲ್ಲಿ ಕೆಲಸಕ್ಕೆಂದು ಬರೋಡಾಕ್ಕೆ ಹೋದವರಿಗೆ ಇಡೀ ಊರಿನಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಓದನ್ನು ಮುಂದುವರಿಸಲು 1920ರಲ್ಲಿ ಲಂಡನ್ನಿಗೆ ಮರಳುವಾಗ ತಮ್ಮ ಉಳಿತಾಯದ ಜೊತೆಗೆ ಕೊಲ್ಹಾಪುರದ ಶಾಹೂ ಮಹಾರಾಜರ ನೆರವನ್ನೂ ಗೆಳೆಯ ನವಲ್ ಭಥೇನರಿಂದ ಸಾಲವನ್ನೂ ಪಡೆದರು. ಮಹಾರಾಜರ ಉದಾರತೆಯನ್ನು ಸಣ್ಣದು ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಕೃಪೆಯಿಂದ ಬಂದ ಓದಿಗೆ ಕರಾರಿನ ಬಾಲ ಇರುತ್ತದೆ. ಎರಡು, ಓದಿನ ಖರ್ಚು ಬರೀ ಶುಲ್ಕವಲ್ಲ. ತಂಗುವ ಕೋಣೆಯೂ ಅದರ ಭಾಗ. ಕೋಣೆಯ ಬಾಡಿಗೆಯಲ್ಲಿ ಜಾತಿಯ ಬೆಲೆಯೂ ಸೇರಿರುತ್ತದೆ.

ಈ ಕೃಪೆಯನ್ನು ಹಕ್ಕಾಗಿ ಬದಲಾಯಿಸುವ ದಾರಿಯ ಒಂದು ಮುಖ್ಯ ಹೆಜ್ಜೆ 1944ರದು. ಅಂಬೇಡ್ಕರ್ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಭಾರತ ಸರ್ಕಾರದ ವಿದ್ಯಾರ್ಥಿವೇತನ ಶುರುವಾಯಿತು. ಮೆಟ್ರಿಕ್ ನಂತರದ ಓದಿಗೆ, ವರ್ಷಕ್ಕೆ 3 ಲಕ್ಷ ರೂಪಾಯಿ, ಐದು ವರ್ಷದ ಮಟ್ಟಿಗೆ. ಇವತ್ತಿನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಬೇರು ಅದೇ. ಮಹಾರಾಜನ ಸಹಿ ಇಲ್ಲದೆ, ಸಾಹುಕಾರನ ಮುಂದೆ ಕೈಕಟ್ಟಿ ನಿಲ್ಲದೆ ಓದಬಹುದು ಎಂಬ ಧೈರ್ಯವನ್ನು ಇಂಥ ಒಂದು ಸರ್ಕಾರಿ ಆದೇಶ ಕೇರಿಯ ಮನೆಗಳಿಗೆ ಕೊಟ್ಟಿತು.

4

ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ವಿಶ್ವವಿದ್ಯಾಲಯ ಬಂತು. ಎರಡೇ ವರ್ಷಕ್ಕೆ, 1918ರಲ್ಲಿ, ಮಿಲ್ಲರ್ ಸಮಿತಿಯೂ ಬಂತು. ಈ ಎರಡು ಇಸವಿಗಳನ್ನು ಬಿಡಿಬಿಡಿಯಾಗಿ ಓದುವುದು ನಮ್ಮ ಚರಿತ್ರೆಕಾರರ ರೂಢಿ. ಜೋಡಿಸಿ ಓದಿದರೆ, ಪದವಿ ಯಾರ ಕೈಗೆ ಹೋಗುತ್ತಿದೆ, ಪದವಿಯ ಜೊತೆಗೆ ನೌಕರಿ ಯಾರ ಕೈಗೆ ಹೋಗುತ್ತಿದೆ ಎಂಬ ಅಸಮಾಧಾನ ಆಗಲೇ ಹೊಗೆಯಾಡುತ್ತಿತ್ತು ಎಂದು ಕಾಣುತ್ತದೆ. ಆದರೂ ಅಂದಿನ ಬ್ರಾಹ್ಮಣೇತರ ರಾಜಕಾರಣದ ಮುಂದಾಳುತನ ಭೂಮಿ ಇದ್ದ ಜಾತಿಗಳದ್ದಾಗಿತ್ತು. ಹೊಲೆಮಾದಿಗರ ಪಾಲಿಗೆ ಹೆಚ್ಚು ಕೆಲಸ ಮಾಡಿದ್ದು ಹಾಸ್ಟೆಲು.

ಹಾಸ್ಟೆಲನ್ನು ನಮ್ಮ ವಿಮರ್ಶೆ ಒಂದು ಸ್ಥಳವಾಗಿ ನೋಡಿದೆ, ಸಂಸ್ಥೆಯಾಗಿ ನೋಡಿಲ್ಲ. ಸಿದ್ದಲಿಂಗಯ್ಯನವರ 'ಊರು ಕೇರಿ'ಯಲ್ಲಿ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ಒಂದು ಪಾತ್ರದ ಹಾಗೆ ಬರುತ್ತದೆ. ಅದನ್ನು ಓದಿ ನಗುತ್ತೇವೆ, ಕಣ್ಣೊರೆಸಿಕೊಳ್ಳುತ್ತೇವೆ. ಆ ಹಾಸ್ಟೆಲು ಇಲ್ಲದಿದ್ದರೆ ಆ ಕವಿ ಇರುತ್ತಿದ್ದನೇ ಅಂತ ಕೇಳೋದಿಲ್ಲ. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರ 'ಬೂಸಾ' ಮಾತಿನ ನಂತರ ಎದ್ದ ಗಲಾಟೆಯನ್ನು ನೆನಪಿಸಿಕೊಳ್ಳಿ. ಮಂತ್ರಿಯ ರಾಜೀನಾಮೆ ಕೇಳಿದವರು ದಲಿತ ವಿದ್ಯಾರ್ಥಿಗಳ ಮೇಲೂ ಕೈಮಾಡಿದರು. ಯಾಕೆ? ಆ ಮಾತಿಗೆ ಬೆಂಬಲವಾಗಿ ನಿಲ್ಲುವ ಓದಿದ ಹುಡುಗರ ಒಂದು ಗುಂಪು ಆಗ ಹಾಸ್ಟೆಲುಗಳಲ್ಲಿ ತಯಾರಾಗಿತ್ತು. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ, ಕೈಬರಹದ ಪೋಸ್ಟರು ಬರೆದವರಲ್ಲಿ, ಹಾಡು ಕಟ್ಟಿದವರಲ್ಲಿ ಹಾಸ್ಟೆಲಿನ ತಟ್ಟೆಯಲ್ಲಿ ಉಂಡವರು ಬಹಳ. ನೀರು ಸಾರು, ಹುಳ ಬಿದ್ದ ಅಕ್ಕಿ, ವಾರ್ಡನ್ನನ ದರ್ಬಾರು ಎಲ್ಲ ಇತ್ತು. ಆದರೂ ಅಲ್ಲಿ ಹತ್ತಾರು ಊರಿನ ಕೇರಿಗಳು ಒಂದೇ ಸೂರಿನಡಿ ಬಂದವು. ತನ್ನೂರಿನ ಅವಮಾನ ತನ್ನ ಹಣೆಬರಹ ಅಂದುಕೊಂಡಿದ್ದ ಹುಡುಗ, ಪಕ್ಕದ ಚಾಪೆಯವನ ಕತೆ ಕೇಳಿ ಅದು ವ್ಯವಸ್ಥೆ ಅಂತ ತಿಳಿದುಕೊಂಡ. ಅನುಭವ ವಿಚಾರವಾಗಿ ಬದಲಾದದ್ದು ಆ ಚಾಪೆಗಳ ನಡುವೆ.

ಹಾಗಾಗಿ ಹಾಸ್ಟೆಲಿನ ಅನ್ನಕ್ಕೆ ಬೀಳುವ ಕತ್ತರಿ ಬರೀ ಹೊಟ್ಟೆಯ ವಿಷಯವಲ್ಲ. ಅದು ಮುಂದಿನ ತಲೆಮಾರಿನ ಸಾಹಿತ್ಯಕ್ಕೂ ಚಳವಳಿಗೂ ಬೀಳುವ ಕತ್ತರಿ.

5

ಕತ್ತರಿಗೆ ಸಾಣೆ ಹಿಡಿದದ್ದು ಹೇಗೆ ಎಂಬ ಕತೆಯಲ್ಲಿ ಕರ್ನಾಟಕಕ್ಕೆ ವಿಶೇಷ ಪಾತ್ರವಿದೆ. ಖಾಸಗಿ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳ ಕ್ಯಾಪಿಟೇಶನ್ ಹಾವಳಿ ತಡೆಯಲು ರಾಜ್ಯ 1984ರಲ್ಲಿ ಒಂದು ಕಾನೂನು ಮಾಡಿತು. ಅದರಡಿ 1989ರ ಜೂನ್ 5ರಂದು ಹೊರಡಿಸಿದ ಅಧಿಸೂಚನೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ಹೀಗಿತ್ತು: ಸರ್ಕಾರಿ ಸೀಟಿನವರಿಗೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ಇದರ ವಿರುದ್ಧ ಬಂದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ, ಶಿಕ್ಷಣವು ಬದುಕುವ ಹಕ್ಕಿನಿಂದಲೇ ಹುಟ್ಟುವ ಹಕ್ಕು ಎಂದಿತು. ಮರುವರ್ಷವೇ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು 14 ವರ್ಷದ ವಯಸ್ಸಿಗೆ ನಿಲ್ಲಿಸಿ, ಮೇಲಿನ ಓದಿಗೆ 'ಫ್ರೀ ಸೀಟು', 'ಪೇಮೆಂಟ್ ಸೀಟು' ಎಂಬ ವಿಂಗಡಣೆ ಕೊಟ್ಟಿತು. 2002ರಲ್ಲಿ ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಆ ವ್ಯವಸ್ಥೆಯೂ ಬಿದ್ದುಹೋಯಿತು.

ನ್ಯಾಯಾಲಯದಲ್ಲಿ ನಡೆದದ್ದು ಖಾಸಗಿ ಕಾಲೇಜುಗಳ ಜಗಳ, ನಿಜ. ಆದರೆ ಅದೇ ಹೊತ್ತಿನಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಬೇರೆ ಬಾಗಿಲಿನಿಂದ ಅದೇ ಗಾಳಿ ನುಗ್ಗಿತು. ಯುಜಿಸಿ ನೇಮಿಸಿದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿ 1993ರಲ್ಲಿ, ವಿಶ್ವವಿದ್ಯಾಲಯಗಳು ಐದು ವರ್ಷದೊಳಗೆ ತಮ್ಮ ಖರ್ಚಿನ ಶೇ. 15ರಷ್ಟನ್ನು, ಹತ್ತು ವರ್ಷದೊಳಗೆ ಶೇ. 25ರಷ್ಟನ್ನು ತಾವೇ ದುಡಿದುಕೊಳ್ಳಬೇಕು ಎಂದು ಸಲಹೆ ಮಾಡಿತು. 2000ದಲ್ಲಿ ಪ್ರಧಾನಿಯ ಮಂಡಳಿಗೆ ಬಿರ್ಲಾ ಮತ್ತು ಅಂಬಾನಿ ಕೊಟ್ಟ ವರದಿ ಇನ್ನೂ ಮುಂದೆ ಹೋಗಿ, ಉನ್ನತ ಶಿಕ್ಷಣದಲ್ಲಿ ಬಳಸುವವನೇ ಬೆಲೆ ತೆರಲಿ ಎಂಬ ತತ್ವ ಮುಂದಿಟ್ಟಿತು. ವಿಶ್ವವಿದ್ಯಾಲಯ ದುಡಿಯೋದು ಅಂದರೆ ಏನು? ಅದಕ್ಕೆ ತೋಟ ಇಲ್ಲ, ಗದ್ದೆ ಇಲ್ಲ. ಅದು ದುಡಿಯೋದು ವಿದ್ಯಾರ್ಥಿಯ ಜೇಬಿನಿಂದ. ಸ್ವಹಣಕಾಸು ಕೋರ್ಸುಗಳು ಬಂದವು, ಪರೀಕ್ಷಾ ಶುಲ್ಕ, ಅಂಕಪಟ್ಟಿ ಶುಲ್ಕ, ಮರುಮೌಲ್ಯಮಾಪನ ಶುಲ್ಕ ಒಂದೊಂದೂ ಬೇರೆ ಬೇರೆ ರಸೀದಿಯಾದವು. 1927ರಲ್ಲಿ ಅಂಬೇಡ್ಕರ್ ಹುಳುಕು ಅಂತ ತೋರಿಸಿದ್ದನ್ನು 1993ರಲ್ಲಿ ಗುರಿ ಅಂತ ಇಟ್ಟುಕೊಂಡೆವು.

ಈ ದಾರಿ ನಮ್ಮೊಬ್ಬರದೇ ಅಲ್ಲ. 2015ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾದ ವಿಟ್ಸ್ ವಿಶ್ವವಿದ್ಯಾಲಯ ಶೇ. 10.5ರಷ್ಟು ಶುಲ್ಕ ಏರಿಸಹೊರಟಾಗ ಎದ್ದ ವಿದ್ಯಾರ್ಥಿ ಚಳವಳಿ ದೇಶವನ್ನೆಲ್ಲ ಹಬ್ಬಿತು. ಆ ತಿಂಗಳಲ್ಲೇ ಸರ್ಕಾರ ಏರಿಕೆಯನ್ನು ಕೈಬಿಡಬೇಕಾಯಿತು. ಅದೇ ತಿಂಗಳು ದೆಹಲಿಯಲ್ಲಿ ಎನ್ಇಟಿ ಇಲ್ಲದ ಸಂಶೋಧಕರ ಫೆಲೋಶಿಪ್ ನಿಲ್ಲಿಸುವ ತೀರ್ಮಾನದ ವಿರುದ್ಧ ವಿದ್ಯಾರ್ಥಿಗಳು ಯುಜಿಸಿ ಕಚೇರಿಯ ಮುಂದೆ ಕೂತಿದ್ದರು. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ಪ್ರಾಣ ಬಿಟ್ಟಾಗ ಅವನ ಕೊನೆಯ ಪತ್ರದಲ್ಲೂ ಏಳು ತಿಂಗಳ ಫೆಲೋಶಿಪ್ ಬಾಕಿಯ ಲೆಕ್ಕ ಇತ್ತು. ಆ ಪತ್ರದ ನಕ್ಷತ್ರಗಳ ಬಗ್ಗೆ ನಾವು ಬಹಳ ಬರೆದೆವು. ಬಾಕಿಯ ಬಗ್ಗೆ ಎಷ್ಟು ಬರೆದೆವು? 2019ರ ನವೆಂಬರಿನಲ್ಲಿ ಜೆಎನ್‌ಯುದಲ್ಲಿ ತಿಂಗಳಿಗೆ 20 ರೂಪಾಯಿ ಇದ್ದ ಒಂಟಿ ಕೋಣೆಯ ಬಾಡಿಗೆಯನ್ನು 600 ಮಾಡಹೊರಟರು. 20 ರೂಪಾಯಿ ಎಂದು ನಕ್ಕವರಿಗೆ ಆ ಕೋಣೆ ಇಲ್ಲದಿದ್ದರೆ ಊರಲ್ಲಿ ಯಾರು ಕೋಣೆ ಕೊಡ್ತಾರೆ ಎಂಬ ಬರೋಡಾದ ಪ್ರಶ್ನೆ ಹೊಳೆಯಲಿಲ್ಲ.

6

ಈಗ ಮಗ್ಗೆಯ ಕಡೆ ತಿರುಗೋಣ. ನಮ್ಮ ಕಡೆ ವರ್ಷದ ಲೆಕ್ಕ ಹೀಗಿದೆ. ಅರೇಬಿಕಾ ಹಣ್ಣಾಗಿ ಕುಯ್ಲು ಶುರುವಾಗೋದು ನವೆಂಬರ್ ಹೊತ್ತಿಗೆ; ರೋಬಸ್ಟಾ ಮುಗಿಯೋ ಹೊತ್ತಿಗೆ ಫೆಬ್ರವರಿ, ಮಾರ್ಚ್. ಕೂಲಿಯವರ ಕೈಯಲ್ಲಿ ನಾಕು ಕಾಸು ಆಡೋದು ಆಗಲೇ. ಮಳೆ ಹಿಡಿದುಕೊಂಡರೆ ತೋಟದ ಕೆಲಸ ಕಡಿಮೆ, ಕೂಲಿಯೂ ಕಡಿಮೆ, ಸಾಲ ಮಾತ್ರ ಜಾಸ್ತಿ. ಕಾಲೇಜಿನ ಪ್ರವೇಶ ನಡೆಯೋದು ಆ ಮಳೆಯಲ್ಲೇ.

ನಾನು ಎಂ.ಎ.ಗೆ ಸೇರುವಾಗ ಅವ್ವ ಕೇಳಿದ್ದು ಒಂದೇ ಮಾತು: "ಹಣ್ಣು ಕುಯ್ಯೋ ಕಾಲಕ್ಕೆ ಕಟ್ತೀವಿ ಅಂದ್ರೆ ಒಪ್ಪಕಿಲ್ವಾ ಮಗ?" ಒಪ್ಪೋದಿಲ್ಲ. ವಿಶ್ವವಿದ್ಯಾಲಯದ ಪಂಚಾಂಗದಲ್ಲಿ ಕಾಫಿ ಕುಯ್ಲು ಇಲ್ಲ. ಕೊನೆಗೆ ಅವ್ವ ತೋಟದ ಸಾವ್ಕಾರ್ರ ಹತ್ರ ಮುಂಗಡ ತಂದರು. "ಸಾವ್ಕಾರ್ರೇ, ಮಗ ಓದ್ತಾನೆ, ಕುಯ್ಲಲ್ಲಿ ತೀರಿಸ್ತೀನಿ" ಅಂತ ಕೇಳಿ ತಂದ ದುಡ್ಡು ಅದು. ಆ ವರ್ಷದ ಕುಯ್ಲಿನಲ್ಲಿ ಬೇರೆ ತೋಟದಲ್ಲಿ ಕೆ.ಜಿ.ಗೆ ಜಾಸ್ತಿ ಕೊಡ್ತಾರೆ ಅಂದರೂ ಅವ್ವ ಹೋಗುವ ಹಾಗಿರಲಿಲ್ಲ. ನನ್ನ ವಿದ್ಯಾರ್ಥಿವೇತನ ಖಾತೆಗೆ ಬಿದ್ದದ್ದು ಮುಂದಿನ ಮಳೆಗಾಲದಲ್ಲಿ.

ಈ ಸಂಗತಿಯನ್ನು ಕರುಣೆ ಹುಟ್ಟಿಸಲು ಹೇಳುತ್ತಿಲ್ಲ; ಇದರಲ್ಲಿ ಒಂದು ರಚನೆ ಇದೆ, ಅದಕ್ಕೆ ಹೇಳುತ್ತಿದ್ದೇನೆ. ಶುಲ್ಕ ಮೊದಲು, ವಿದ್ಯಾರ್ಥಿವೇತನ ಆಮೇಲೆ. ಈ ಮೊದಲು ಮತ್ತು ಆಮೇಲೆಗಳ ನಡುವಿನ ತಿಂಗಳುಗಳನ್ನು ತುಂಬುವುದು ಮುಂಗಡ. ಜೀತ ನಿರ್ಮೂಲನೆಯ ಕಾನೂನು 1976ರಲ್ಲೇ ಬಂತು. ಆದರೆ ಮಣ್ಣಾಳಿನ ಮೊಮ್ಮಗ ವಿಶ್ವವಿದ್ಯಾಲಯದ ರಸೀದಿ ಪಡೆಯಬೇಕಾದರೆ ಮನೆಯಲ್ಲಿ ಒಬ್ಬರು ಇನ್ನೊಂದು ಹಂಗಾಮು ಅದೇ ಮಣ್ಣಿಗೆ ಕಟ್ಟುಬೀಳಬೇಕು. ಬಿಡುಗಡೆಯ ಕಾಗದ ಒಂದು ಕೈಯಲ್ಲಿ, ಬಂಧನದ ಚೀಟಿ ಇನ್ನೊಂದು ಕೈಯಲ್ಲಿ.

ಸರ್ಕಾರದ ಕಡೆಯ ಮಾತನ್ನೂ ಹೇಳಬೇಕು. 2017ರಿಂದ 2020ರವರೆಗೆ ಕೇಂದ್ರದ ನೆರವು ವರ್ಷಕ್ಕೆ ಸುಮಾರು 1,100 ಕೋಟಿಗೆ ಕುಸಿದು, ಹೊರೆಯೆಲ್ಲ ರಾಜ್ಯಗಳ ಮೇಲೆ ಬಿದ್ದಿತ್ತು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಐದು ವರ್ಷಕ್ಕೆ 59,048 ಕೋಟಿಯ ಯೋಜನೆ ಒಪ್ಪಿ, ಕೇಂದ್ರ 60, ರಾಜ್ಯ 40 ಎಂಬ ಹಂಚಿಕೆ ಮಾಡಿತು. ಇದು ಸಣ್ಣದಲ್ಲ. ಮುಂಗಡ ಶುಲ್ಕವಿಲ್ಲದೆ ಸೇರಿಕೊಳ್ಳಲು 'ಫ್ರೀಶಿಪ್ ಕಾರ್ಡ್' ಎಂಬ ಏರ್ಪಾಟನ್ನೂ 2021ರ ಮಾರ್ಗಸೂಚಿ ಹೇಳುತ್ತದೆ. ಆದರೆ ನಾನು ಪಾಠ ಮಾಡುವ ಹುಡುಗರಲ್ಲಿ ಆ ಕಾರ್ಡಿನ ಹೆಸರು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಇನ್ನು ನಿರ್ವಹಣಾ ಭತ್ಯೆ ನೋಡಿ. ಹಾಸ್ಟೆಲಿನಲ್ಲಿದ್ದು ಸಾಮಾನ್ಯ ಪದವಿ, ಎಂ.ಎ. ಓದುವವರಿಗೆ 2010ರ ದರ ತಿಂಗಳಿಗೆ 570 ರೂಪಾಯಿ. 2021ರ ದರ ವರ್ಷಕ್ಕೆ 6,000. ಹತ್ತು ತಿಂಗಳಿಗೆ ಹಂಚಿದರೆ 600, ಹನ್ನೆರಡಕ್ಕೆ ಹಂಚಿದರೆ 500. ಆ ಹನ್ನೊಂದು ವರ್ಷದಲ್ಲಿ ಅಕ್ಕಿ, ಬೇಳೆ, ಕೋಣೆ ಬಾಡಿಗೆ ಎಲ್ಲಿಂದ ಎಲ್ಲಿಗೆ ಹೋದವು ಅನ್ನೋದು ಮನೆ ನಡೆಸುವ ಯಾರಿಗಾದರೂ ಗೊತ್ತು. ಕುಟುಂಬದ ಆದಾಯದ ಮಿತಿ ಮಾತ್ರ ಎರಡೂವರೆ ಲಕ್ಷದಲ್ಲೇ ನಿಂತುಬಿಟ್ಟಿತು.

ದೂರದ ಬೆಲೆಯನ್ನೂ ಎಣಿಸಬೇಕು. ಹಾಸನದ ಹೇಮಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇದ್ದದ್ದು 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಅದೇ ವರ್ಷ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟು ಇಲ್ಲವಾಯಿತು. ಈ ಎರಡೂ ಸೇರಿದಾಗ ಮಗ್ಗೆಯ ಕಡೆಯ ಒಬ್ಬ ಹೆಣ್ಣುಮಗಳಿಗೆ ಎಂ.ಎ. ಅನ್ನೋದು ಬೆಳಿಗ್ಗೆ ಹೋಗಿ ಸಂಜೆ ಬರುವ ದಾರಿಯಾಗುತ್ತದೆ. ಹಾಸ್ಟೆಲು ಸಿಗದಿದ್ದರೂ ಓದು ನಿಲ್ಲಬೇಕಿಲ್ಲ. ಆದರೆ 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ. ಕೆ. ಶಿವಕುಮಾರ್ ಅವರ ನೇತೃತ್ವದ ಸಂಪುಟ ಉಪಸಮಿತಿ ಹಣದ ಕೊರತೆ ಮುಂದಿಟ್ಟು, ಹಾಸನವೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂದು ಶಿಫಾರಸು ಮಾಡಿತು. ಒಂದು ಪಕ್ಷ ದುಡ್ಡಿಡದೆ ತೆರೆಯಿತು, ಇನ್ನೊಂದು ಪಕ್ಷ ದುಡ್ಡಿಲ್ಲವೆಂದು ಮುಚ್ಚಹೊರಟಿತು. ನಡುವೆ ನಿಂತಿರೋದು ಆ ಬಸ್ಸಿಗೆ ಕಾಯುವ ಹುಡುಗಿ.

7

'ಕೊಡಬಲ್ಲವರು ಕೊಡಲಿ, ಬಡವರಿಗೆ ವಿದ್ಯಾರ್ಥಿವೇತನ ಇದೆಯಲ್ಲ' ಎಂಬುದು ಶುಲ್ಕ ಏರಿಕೆಯ ಪರವಾಗಿ ಬರುವ ಮರ್ಯಾದಸ್ಥ ವಾದ. ಇದನ್ನು ನಮ್ಮವರೇ ಕೆಲವರು ಹೇಳುತ್ತಾರೆ. ಹಾಸ್ಟೆಲಿನ ಅನ್ನ ಉಂಡು ನೌಕರಿ ಹಿಡಿದು ಹಾಸನದಲ್ಲೋ ಮೈಸೂರಿನಲ್ಲೋ ಮನೆ ಕಟ್ಟಿದ ಕುಟುಂಬಗಳ ಮಕ್ಕಳಿಗೆ ಶುಲ್ಕ ಈಗ ದೊಡ್ಡ ವಿಷಯವಲ್ಲ. ಆ ಮನೆಗಳ ಬಗ್ಗೆ ನನಗೆ ಅಸೂಯೆ ಇಲ್ಲ. ಚಳವಳಿ ಹೋರಾಡಿದ್ದು ಅಂಥ ಮನೆಗಳು ಏಳಲಿ ಅಂತಲೇ. ಆದರೆ ವಿದ್ಯಾರ್ಥಿವೇತನ ಇದೆ ಎಂಬ ಕಾರಣಕ್ಕೆ ಶುಲ್ಕ ಏರಿದಾಗ, ವೇತನ ತಡವಾದ ಪ್ರತಿ ತಿಂಗಳೂ ಲೈನ್ ಮನೆಯ ಮೇಲೆ ಬೀಳುತ್ತದೆ. ಆದಾಯದ ಮಿತಿಗಿಂತ ಸ್ವಲ್ಪವೇ ಮೇಲಿರುವ ಮನೆಗೆ ಅದೂ ಇಲ್ಲ. ಇನ್ನೊಂದು ಅಪಾಯವೂ ಇದೆ. ಎಲ್ಲರಿಗೂ ಅಗ್ಗವಾಗಿದ್ದ ವಿಶ್ವವಿದ್ಯಾಲಯದಲ್ಲಿ ನಮ್ಮ ಹುಡುಗ ಒಬ್ಬ ವಿದ್ಯಾರ್ಥಿಯಾಗಿದ್ದ. ದುಬಾರಿ ವಿಶ್ವವಿದ್ಯಾಲಯದಲ್ಲಿ ಅವನು 'ಸ್ಕಾಲರ್‌ಶಿಪ್‌ನವನು'. ಪ್ರತಿ ಕೌಂಟರಿನಲ್ಲೂ ಜಾತಿಯ ಸರ್ಟಿಫಿಕೇಟು ತೋರಿಸಿ ರಿಯಾಯಿತಿ ಕೇಳಬೇಕಾದವನು. ಅಗ್ಗದ ಶಿಕ್ಷಣ ಅವನ ಜಾತಿಯನ್ನು ಕೇಳುವುದಿಲ್ಲ, ರಿಯಾಯಿತಿ ಕೇಳುತ್ತದೆ.

ದಲಿತ ವಿಮರ್ಶೆ ಇಲ್ಲಿ ಮಾಡಬೇಕಾದ ಕೆಲಸ ಎರಡು. ಮೊದಲನೆಯದು ಓದಿನ ಕೆಲಸ. ಆತ್ಮಕತೆಗಳಲ್ಲಿ, ಕತೆಗಳಲ್ಲಿ ಬರುವ ಫೀಜು, ಸಾಲ, ಅಡವಿಟ್ಟ ಓಲೆ, ಹಾಸ್ಟೆಲಿನ ತಟ್ಟೆ ಇವನ್ನು ಬಡತನದ ಅಲಂಕಾರವೆಂದು ದಾಟಿ ಹೋಗದೆ, ಆ ಕಾಲದ ಆದೇಶ, ದರ, ತೀರ್ಪುಗಳ ಪಕ್ಕದಲ್ಲಿಟ್ಟು ಓದಬೇಕು. ಬರೆದವರನ್ನು ಹೀಗೆ ಓದಿದರೆ ಬರೆಯದೆ ಹೋದವರೂ ಕಾಣಿಸುತ್ತಾರೆ. ನನ್ನ ಜೊತೆ ಪಿಯುಸಿ ಮುಗಿಸಿ ತೋಟಕ್ಕೆ ವಾಪಸಾದವರಲ್ಲಿ ನನಗಿಂತ ಚೆನ್ನಾಗಿ ಕತೆ ಕಟ್ಟುವವರಿದ್ದರು. ಅವರ ಮೌನಕ್ಕೆ ಕಾರಣ ಪ್ರತಿಭೆಯ ಕೊರತೆ ಅಲ್ಲ, ಒಂದು ರಸೀದಿಯ ಕೊರತೆ.

ಎರಡನೆಯದು ಬೀದಿಯ ಕೆಲಸ. ಕೇಳಬೇಕಾದದ್ದು ಆಕಾಶವಲ್ಲ. ಪರಿಶಿಷ್ಟರ ಮಕ್ಕಳಿಂದ ಪ್ರವೇಶದ ಹೊತ್ತಿಗೆ ಒಂದು ಪೈಸೆಯೂ ಕಟ್ಟಿಸಿಕೊಳ್ಳಬಾರದು. ವಿದ್ಯಾರ್ಥಿವೇತನ ತಡವಾದರೆ ಅದು ಸರ್ಕಾರ ಮತ್ತು ವಿಶ್ವವಿದ್ಯಾಲಯದ ನಡುವಿನ ಬಾಕಿಯಾಗಲಿ, ತಾಯಿ ಮತ್ತು ಸಾಹುಕಾರನ ನಡುವಿನ ಬಾಕಿ ಆಗದಿರಲಿ. ನಿರ್ವಹಣಾ ಭತ್ಯೆ ಬೆಲೆಯ ಜೊತೆ ಏರಲಿ. ಹಾಸ್ಟೆಲು ಕೇಳಿದ ಪ್ರತಿ ವಿದ್ಯಾರ್ಥಿಗೆ ಹಾಸ್ಟೆಲು ಸಿಗಲಿ. ಹಾಸನದ ವಿಶ್ವವಿದ್ಯಾಲಯ ಯಾವ ಹೆಸರಿನಲ್ಲಾದರೂ ಇರಲಿ, ಹಾಸನದಲ್ಲೇ ಇರಲಿ. ಇವು ಹೊಸ ಬೇಡಿಕೆಗಳಲ್ಲ. 1927ರ ಒಂದು ಭಾಷಣದ ಬಾಕಿ. ಈ ಸಂಚಿಕೆ ಓದುತ್ತಿರುವ ಗೆಳೆಯರು ಮುಂದಿನ ಪ್ರವೇಶದ ದಿನಗಳಲ್ಲಿ ತಮ್ಮ ಕಾಲೇಜಿನ ಶುಲ್ಕದ ಕೌಂಟರಿನ ಪಕ್ಕ ಒಂದು ಬೆಳಿಗ್ಗೆ ನಿಂತು ನೋಡಲಿ. ಯಾರು ಕಟ್ಟುತ್ತಾರೆ, ಯಾರು ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು ಹಿಂದಿರುಗುತ್ತಾರೆ ಅಂತ ಬರೆದಿಡಲಿ. ನಮ್ಮ ವಿಮರ್ಶೆಗೆ ಸದ್ಯ ಬೇಕಾಗಿರುವ ಪಠ್ಯ ಅದೇ.